ದೊಡ್ಡ ಹಳೇ ಪುಸ್ತಕ ಮಾರಾಟಕ್ಕೆ ಹೋದರೆ ನೀವು ಮೊದಲು ಏನು ನೋಡ್ತೀರಿ?

ಹಳೇಪುಟ (ಬೆಂಗಳೂರು)
ಭಾನುವಾರ, ರಾತ್ರಿ 9:40

ನಿನ್ನೆ, ಇವತ್ತು ಎರಡು ದಿನವೂ ಊರಿನ ದೊಡ್ಡ ಹಳೇ ಪುಸ್ತಕ ಮಾರಾಟದಲ್ಲೇ ಕಳೆದೆ. ಕಲ್ಯಾಣ ಮಂಟಪದ ಹಾಲ್ ತುಂಬ ಮೇಜು, ಮೇಜಿನ ತುಂಬ ಪುಸ್ತಕ. ಬಾಗಿಲಲ್ಲಿ ರಟ್ಟಿನ ಪೆಟ್ಟಿಗೆ ಕೊಡ್ತಾರೆ. ಹಿಡಿಸಿದಷ್ಟು ತುಂಬಿಕೊಂಡು ಪೆಟ್ಟಿಗೆಗೆ ಇಷ್ಟು ಅಂತ ದುಡ್ಡು ಕೊಟ್ಟು ಬರೋದು.

ಮೊದಲ ಸಲ ಬಂದವರೆಲ್ಲ ಎದುರಿಗಿದ್ದ ದಪ್ಪ ಇಂಗ್ಲಿಷ್ ಕಾದಂಬರಿಗಳಿಗೆ ಮುಗಿಬಿದ್ದಿದ್ದರು. ಅದು ತಪ್ಪೇನಲ್ಲ, ಓದೋದಕ್ಕೆ ತಾನೇ ತಗೊಳ್ಳೋದು. ಆದರೆ ಆ ಕಾದಂಬರಿಗಳು ಮುಂದಿನ ವರ್ಷವೂ ಸಿಗುತ್ತವೆ, ಅದರ ಮುಂದಿನ ವರ್ಷವೂ ಸಿಗುತ್ತವೆ. ನಾನು ಹೋಗೋದು ಇನ್ನೊಂದು ಸಲ ಸಿಗದೇ ಇರೋ ಪುಸ್ತಕಕ್ಕೆ. ಕನ್ನಡ ಪುಸ್ತಕದ ಹಕ್ಕುಪುಟ ತೆಗೆದು ನೋಡಿ. ಎಷ್ಟೋ ಕಡೆ 'ಪ್ರತಿಗಳು: 1000' ಅಂತಿರುತ್ತದೆ. ಇಡೀ ನಾಡಿಗೆ ಅಷ್ಟೇ. ಅದರಲ್ಲಿ ಒಂದಿಷ್ಟು ಲೈಬ್ರರಿಗೆ, ಒಂದಿಷ್ಟು ಗೆದ್ದಲಿಗೆ, ಒಂದಿಷ್ಟು ರದ್ದಿಗೆ. ಮರುಮುದ್ರಣ ಆಗದಿದ್ದರೆ ಮೂವತ್ತು ವರ್ಷ ಆದ ಮೇಲೆ ನಮ್ಮ ಕೈಗೆ ಬರೋ ಒಂದು ಪ್ರತಿ ನಿಜಕ್ಕೂ ದೊಡ್ಡ ವಿಷಯ.

ಕನ್ನಡದವು ಎಲ್ಲಿದ್ದವು ಗೊತ್ತಾ? ಕೊನೇ ಸಾಲಿನ ಮೇಜಿನ ಕೆಳಗೆ, ಮೂರು ಪೆಟ್ಟಿಗೆಯಲ್ಲಿ. ಬೆನ್ನು ಮೇಲೆ ಕಾಣೋ ಹಾಗೆ ಜೋಡಿಸಿರಲಿಲ್ಲ, ಸುಮ್ನೆ ಸುರಿದಿದ್ದರು. ನೆಲದ ಮೇಲೆ ಕೂತು ಒಂದೊಂದೇ ತೆಗೆದೆ. 11 ಸಿಕ್ಕವು. ಒಂದು ತೆಳುವಾದ ಪುಸ್ತಕದ ಒಳರಟ್ಟಿಗೆ ಪ್ರೌಢಶಾಲೆಯೊಂದರ ಬಹುಮಾನದ ಚೀಟಿ ಅಂಟಿಸಿತ್ತು. ಕನ್ನಡ ಪ್ರಬಂಧ ಸ್ಪರ್ಧೆ, ಎರಡನೇ ಬಹುಮಾನ. ಹುಡುಗಿಯ ಹೆಸರು ನೀಲಿ ಶಾಯಿಯಲ್ಲಿ. ಶಾಯಿ ಎದುರು ಪುಟಕ್ಕೂ ತಿರುಗುಮುರುಗಾಗಿ ಇಳಿದಿದೆ. ಚೀಟಿಯ ಗೋಂದನ್ನು ಹುಳ ತಿಂದಿದೆ, ಹೆಸರನ್ನು ಬಿಟ್ಟಿದೆ.

ಒಂದು ವಿಷಯ ನಿಮ್ಮಲ್ಲೂ ಕೇಳಿಬಿಡ್ತೀನಿ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಒಟ್ಟು 8 ಸಂಪುಟ. ಮೊದಲನೆಯದು 1970ರಲ್ಲಿ ಬಂತು, ಎಂಟನೆಯದು 1995ರಲ್ಲಿ. ನನ್ನ ಹತ್ತಿರ ಹಳೆಯ ಮುದ್ರಣದ 7 ಇವೆ, ಹನ್ನೆರಡು ವರ್ಷದಲ್ಲಿ ಒಂದೊಂದಾಗಿ ಕೂಡಿಸಿದ್ದು. ಐದನೆಯದು ಬೇಕು. ಎಲ್ಲಾದರೂ ಒಂಟಿಯಾಗಿ ಕಂಡರೆ ತಿಳಿಸಿ.

ಈಗ ನೀವು ಹೇಳಿ. ಅಷ್ಟು ಪುಸ್ತಕದ ರಾಶಿ ಮುಂದೆ ನಿಂತಾಗ ಕೈ ಮೊದಲು ಎಲ್ಲಿಗೆ ಹೋಗುತ್ತದೆ?

—

ಅವೆನ್ಯೂ ಭಾನುವಾರ (ಬೆಂಗಳೂರು)
ಭಾನುವಾರ, ರಾತ್ರಿ 10:15

ನನ್ನ ಕೈ ಮೊದಲು ಹೋಗೋದು ಬೆಲೆಗೆ. ಮಾರೋರು ಹೇಳೋ ಬೆಲೆಯಲ್ಲ, ಪುಸ್ತಕದಲ್ಲಿ ಅಚ್ಚಾಗಿರೋ ಬೆಲೆ.

ಇಸವಿ ಹಾಕದ ಹಳೇ ಪುಸ್ತಕ ಬೇಕಾದಷ್ಟಿವೆ, ಅಲ್ವಾ? ಮೊದಲ ಹಾಳೆ ಹರಿದುಹೋಗಿದ್ದರಂತೂ ಮುಗಿದೇ ಹೋಯಿತು. ಆಗ ಬೆಲೆಯೇ ಕಾಲ ಹೇಳುತ್ತದೆ. '1–8–0' ಅಂತಿದ್ದರೆ ಒಂದು ರೂಪಾಯಿ ಎಂಟಾಣೆ. ಅಂದರೆ 1957ರ ಏಪ್ರಿಲ್‌ಗಿಂತ ಹಿಂದಿನದು, ದಶಮಾಂಶ ನಾಣ್ಯ ಬರೋದಕ್ಕೆ ಮುಂಚೆ. 'ನಯೇ ಪೈಸೆ' ಅಂತಿದ್ದರೆ ಅದಾದ ಮೇಲಿನ ಏಳು ವರ್ಷ. 1964ರಿಂದ ಬರೀ 'ಪೈಸೆ' ಆಯಿತು.

ಆಮೇಲೆ ಪ್ರಕಾಶಕರ ವಿಳಾಸ. 'ಬೆಂಗಳೂರು–2', 'ಮೈಸೂರು–4' ಅಂತ ಒಂದೇ ಅಂಕಿ ಇದ್ದರೆ ಹೆಚ್ಚಾಗಿ ಹಳೇದು. ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದೇ, ಅದಕ್ಕೆ ಮುಂಚೆ ಪಿನ್ ಕೋಡ್ ಇರಲಿಲ್ಲ. 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು ಅಂತ ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, 13 ಅಂಕಿಯದ್ದಾದರೆ 2007ರ ಆಸುಪಾಸಿನದು ಅಥವಾ ಈಚಿನದು, 10 ಅಂಕಿಯದ್ದಾದರೆ ಅದಕ್ಕಿಂತ ಹಿಂದಿನದು.

ಅವೆನ್ಯೂ ರಸ್ತೆಯಲ್ಲಿ ಭಾನುವಾರ ಅಂಗಡಿಗಳ ಬಾಗಿಲು ಹಾಕಿರುತ್ತವೆ, ಫುಟ್‌ಪಾತ್ ಮೇಲೆ ಪುಸ್ತಕ ಹರಡುತ್ತಾರೆ. ಹೆಚ್ಚಿನವು ಇಂಜಿನಿಯರಿಂಗ್, ಸಿಇಟಿ ಪುಸ್ತಕ. ಅದರ ನಡುವೆ ಒಂದು ಕಂದು ಬಣ್ಣದ ಬೆನ್ನು ಕಂಡರೆ ನಿಂತುಬಿಡ್ತೀನಿ. ಇಪ್ಪತ್ತು ವರ್ಷದ ಅಭ್ಯಾಸ. ಬೆಳಗ್ಗೆ ಬೇಗ ಹೋಗಿ, ಬಿಸಿಲು ಏರಿದ ಮೇಲೆ ಬಗ್ಗಿ ನೋಡೋದು ಕಷ್ಟ.

—

ಕಾವೇರಿ ತೀರ (ಮೈಸೂರು)
ಭಾನುವಾರ, ರಾತ್ರಿ 10:52

ಈ ವಿವರಕ್ಕೆ ತುಂಬ ಥ್ಯಾಂಕ್ಸ್ ಸರ್. ಬೆಲೆ ನೋಡಿ ಕಾಲ ಹೇಳಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಈಗಲೇ ಕಪಾಟು ತೆಗೆದು ನೋಡಿದೆ, ಅಜ್ಜನ ಒಂದು ಪುಸ್ತಕದಲ್ಲಿ '0–12–0' ಇದೆ. ಹನ್ನೆರಡಾಣೆ!

ನಾನು ಹುಡುಕೋದು ಪುಟ್ಟ ಪುಸ್ತಕಗಳನ್ನ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಪುಸ್ತಕಗಳನ್ನ ನೋಡಿದ್ದೀರಾ? ಅಂಗೈಯಗಲ ಇರುತ್ತವೆ. ದೊಡ್ಡ ದೊಡ್ಡ ವಿಷಯವನ್ನ ಹಳ್ಳಿಯವರಿಗೂ ತಿಳಿಯೋ ಹಾಗೆ ಬರೆಸಿದ್ದು. ರಾಶಿಯಲ್ಲಿ ಇಂಥವು ದಪ್ಪ ಪುಸ್ತಕಗಳ ನಡುವೆ ಸಿಕ್ಕಿ ಮಡಚಿಹೋಗಿರುತ್ತವೆ, ಬೆನ್ನಿನ ಮೇಲೆ ಹೆಸರು ಹಾಕೋಷ್ಟು ದಪ್ಪ ಇರೋದಿಲ್ಲ. ಹಾಗಾಗಿ ಬೆನ್ನು ಓದಿಕೊಂಡು ಹೋಗೋರಿಗೆ ಇವು ಯಾವತ್ತೂ ಸಿಗಲ್ಲ. ಎರಡು ದಪ್ಪ ಪುಸ್ತಕದ ನಡುವೆ ಬೆರಳು ಹಾಕಿ ನೋಡಬೇಕು.

ಇನ್ನೊಂದು ಆಸೆ ಸೋವಿಯತ್ ಪುಸ್ತಕ. ಮಾಸ್ಕೋದ ಪ್ರಗತಿ, ರಾದುಗ ಪ್ರಕಾಶನಗಳು ಕನ್ನಡದಲ್ಲೂ ತರುತ್ತಿದ್ದವು, ನವಕರ್ನಾಟಕದಲ್ಲಿ ಸಿಗುತ್ತಿದ್ದವು. ಮಕ್ಕಳ ಪುಸ್ತಕದ ಚಿತ್ರ, ಕಾಗದ ಎಷ್ಟು ಚೆನ್ನಾಗಿರುತ್ತಿತ್ತು ಅಂದರೆ ನಮ್ಮಕ್ಕ ಅದಕ್ಕೆ ಬೈಂಡ್ ಹಾಕೋಕೂ ಬಿಡುತ್ತಿರಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟವೇ ಹೋಯಿತು, ಪುಸ್ತಕ ಬರೋದೂ ನಿಂತಿತು. ಈಗ ಸಿಗೋದು ಹಳೇ ಪುಸ್ತಕದಲ್ಲಿ ಮಾತ್ರ.

—

ಧಾರವಾಡದಾಕಿ (ಧಾರವಾಡ)
ಸೋಮವಾರ, ಬೆಳಗ್ಗೆ 7:20

ಎಲ್ಲಾರೂ ಏನು ಕೊಳ್ಳಬೇಕು ಅಂತ ಹೇಳಿದ್ರಿ. ಕೊಳ್ಳೋಕೆ ಮೊದಲು ಏನು ಪರೀಕ್ಷೆ ಮಾಡಬೇಕು ಅನ್ನೋದನ್ನ ನಾ ಹೇಳ್ತೀನಿ, ಯಾಕಂದರೆ ಪೆಟ್ಟು ತಿಂದೀನಿ.

ಆರು ವರ್ಷದ ಹಿಂದೆ ಒಂದು ದೊಡ್ಡ ಮಾರಾಟದಾಗ ನಾಲ್ಕು ನೂರು ಪುಟದ ಜಾನಪದ ಸಂಗ್ರಹ ಸಿಕ್ಕಿತು. ಹತ್ತು ವರ್ಷದಿಂದ ಹುಡುಕಿದ್ದು. ಖುಷಿಯಾಗಿ ಮನೆಗೆ ತಂದು ಓದಲಿಕ್ಕೆ ಕೂತರೆ 176ನೇ ಪುಟ ಆದ ಮೇಲೆ 193. ನಡುವಿನ 16 ಪುಟ ಇಲ್ಲ. ಒಂದು ಇಡೀ ಫಾರಂ, ಅಂದರೆ ಒಂದೇ ದೊಡ್ಡ ಹಾಳಿ ಮ್ಯಾಲೆ ಅಚ್ಚು ಹಾಕಿ ಮಡಚಿದ ಪುಟಗಳ ಕಟ್ಟು, ಬಿಟ್ಟು ಬೈಂಡ್ ಮಾಡಿಬಿಟ್ಟಾರೆ. ಅಚ್ಚಾದ ದಿನದಿಂದ ಆ ಪ್ರತಿ ಹಂಗೇ ಇತ್ತು, ನನಗಿಂತ ಮೊದಲು ಯಾರೂ ಅಲ್ಲೀತನಕ ಓದಿರಲಿಕ್ಕಿಲ್ಲ. ಯಾವ ಹಾಡಿಗೋಸ್ಕರ ಕೊಂಡಿದ್ದೆನೋ ಅದು ಆ ಹದಿನಾರು ಪುಟದಾಗೇ ಇತ್ತು. ಅವತ್ತು ಕಣ್ಣಾಗ ನೀರು ಬಂತು.

ಹಳೇ ಪುಸ್ತಕದಾಗ ಫಾರಂ ಶುರುವಾಗೋ ಪುಟದ ಅಡಿಗೆ ಒಂದು ಸಣ್ಣ ಅಂಕಿ ಇರ್ತದ, ಬೈಂಡರ್ ಅನುಕೂಲಕ್ಕ ಹಾಕಿದ್ದು. ಪುಟ 1, 17, 33, 49 ಹಿಂಗ ಹದಿನಾರಕ್ಕೊಂದು ಸಲ. ಆ ಅಂಕಿಗಳು ಸಾಲಾಗಿ ಅದಾವಂದರೆ ಪುಸ್ತಕ ಪೂರ್ತಿ ಐತಿ. ಒಂದು ನಿಮಿಷ ಸಾಕು. ಎಂಟು ಪುಟದ ಫಾರಂ ಇದ್ದರೆ ಎಂಟಕ್ಕೊಂದು ಸಲ ನೋಡ್ರಿ. ನಡುವಿನ ಚಿತ್ರಪುಟಗಳಿಗೆ ಈ ಲೆಕ್ಕ ಹಿಡಿಯಂಗಿಲ್ಲ, ಅವನ್ನ ಬ್ಯಾರೆ ಅಂಟಿಸಿರ್ತಾರ. ಚಿತ್ರಪಟ್ಟಿ ಇದ್ದರೆ ತಾಳೆ ಹಾಕ್ರಿ.

ಆಮೇಲೆ ಕಾಗದ. ಪುಟದ ಮೂಲೆ ಹಗೂರಕ್ಕ ಬಗ್ಗಿಸಿ ನೋಡ್ರಿ, ಮಡಚಬ್ಯಾಡ್ರಿ. ಹಪ್ಪಳದಂಗ ಚಟ್ ಅಂತಂದರೆ ಆ ಕಾಗದದ ಆಯುಷ್ಯ ಮುಗೀತು. ಓದಿದಂಗೆಲ್ಲ ಪುಡಿ ಉದುರತದ. ಬೇರೆಲ್ಲೂ ಸಿಗದ ಪುಸ್ತಕ ಆದರೆ ಮಾತ್ರ ತಗೊಳ್ರಿ, ತಗೊಂಡ ಕೂಡಲೇ ಫೋಟೋ ತೆಗೆದು ಇಟ್ಟುಕೊಳ್ರಿ.

—

ಹಳೇಪುಟ (ಬೆಂಗಳೂರು)
ಸೋಮವಾರ, ಬೆಳಗ್ಗೆ 8:05

ಅಕ್ಕಾ, ಫಾರಂ ಅಂಕಿಯ ವಿಷಯ ಓದಿ ಎದ್ದು ಹೋಗಿ ನನ್ನ ಹನ್ನೊಂದನ್ನೂ ನೋಡಿದೆ. ಹತ್ತು ಪೂರ್ತಿ ಇವೆ. ಒಂದರಲ್ಲಿ ಕೊನೇ ಫಾರಂ ಇಲ್ಲ, ಪರಿವಿಡಿಯಲ್ಲಿ ಹೇಳಿರೋ ಅನುಬಂಧ ಅಷ್ಟೂ ಹೋಗಿದೆ. ಎರಡು ದಿನ ಅಲ್ಲೇ ಇದ್ದೂ ನೋಡಿರಲಿಲ್ಲ.

ಇನ್ನೊಂದು ಸೇರಿಸ್ತೀನಿ. ಮೊಳೆ ಅಚ್ಚಿನ ಪುಸ್ತಕವನ್ನ ಬೆರಳಲ್ಲೇ ಗುರುತು ಹಿಡೀಬಹುದು. ಪುಟದ ಹಿಂಬದಿ ಮೇಲೆ ಮೆತ್ತಗೆ ಬೆರಳು ಆಡಿಸಿ. ಸೀಸದ ಮೊಳೆ ಒತ್ತಿದ ಕಡೆ ಅಕ್ಷರ ಸಣ್ಣಗೆ ಉಬ್ಬಿರುತ್ತದೆ. ಮೊಳೆ ಇಲ್ಲದ ಆಫ್‌ಸೆಟ್ ಅಚ್ಚಿನಲ್ಲಿ ಅದು ಇರಲ್ಲ, ನುಣುಪು. ಒತ್ತಕ್ಷರಗಳ ಕೆಳಗೆ ಉಬ್ಬು ಜಾಸ್ತಿ. ಯಾರೋ ಒಬ್ಬರು ನಿಂತುಕೊಂಡು ಆ ಒಂದೊಂದು ಮೊಳೆಯನ್ನ ಕೈಯಲ್ಲಿ ಜೋಡಿಸಿದ್ದಾರೆ ಅನ್ನೋದು ಬೆರಳಿಗೇ ತಿಳಿಯುತ್ತದೆ. ನನಗೆ ಅದು ಬಹಳ ಇಷ್ಟ.

—

ಪುಟ ತಿರುವಿ (ಇಥಾಕಾ, ನ್ಯೂಯಾರ್ಕ್)
ಸೋಮವಾರ, ಬೆಳಗ್ಗೆ 9:30

ಇಲ್ಲಿಂದ ಒಂದು ಅನುಭವ. ನಾನಿರೋ ಇಥಾಕಾ ಸಣ್ಣ ಊರು, ಕಾರ್ನೆಲ್ ವಿಶ್ವವಿದ್ಯಾಲಯ ಇರೋ ಊರು. ಇಲ್ಲಿನ ಸಾರ್ವಜನಿಕ ಗ್ರಂಥಾಲಯದ ಗೆಳೆಯರ ಬಳಗ ಪ್ರತಿವರ್ಷ ಮೇ ಮತ್ತು ಅಕ್ಟೋಬರ್‌ನಲ್ಲಿ ಹಳೇ ಪುಸ್ತಕ ಮಾರಾಟ ನಡೆಸುತ್ತದೆ. ಎಸ್ಟಿ ಸ್ಟ್ರೀಟ್‌ನಲ್ಲಿ ಅದಕ್ಕೇ ಅಂತ ಒಂದು ಕಟ್ಟಡ ಇದೆ. ಪುಸ್ತಕ, ಸಿಡಿ ಎಲ್ಲ ಸೇರಿ ಸುಮಾರು ಎರಡೂವರೆ ಲಕ್ಷ ಇರುತ್ತವೆ. ಎಲ್ಲವೂ ಜನ ದಾನ ಕೊಟ್ಟದ್ದು, ವಿಂಗಡಿಸೋರೆಲ್ಲ ಸ್ವಯಂಸೇವಕರು, ಬಂದ ಹಣ ಗ್ರಂಥಾಲಯಕ್ಕೆ. ಮೊದಲ ದಿನ ಬೆಲೆ ಜಾಸ್ತಿ, ದಿನ ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಮೊದಲ ದಿನ ಹೋಗಬೇಕಾ, ಕೊನೆಗೆ ಹೋಗಬೇಕಾ ಅನ್ನೋದೇ ದೊಡ್ಡ ಲೆಕ್ಕಾಚಾರ. ಬೇಕೇಬೇಕು ಅನ್ನೋದಿದ್ದರೆ ಮೊದಲ ದಿನದ ಕ್ಯೂ. ಸುಮ್ನೆ ನೋಡೋಣ ಅನ್ನೋದಾದರೆ ಕೊನೆಯ ದಿನಗಳು.

ಮೊದಲ ದಿನ ವ್ಯಾಪಾರಿಗಳು ಫೋನ್ ಹಿಡಿದು ಬರುತ್ತಾರೆ. ಬಾರ್‌ಕೋಡ್ ಸ್ಕ್ಯಾನ್ ಮಾಡಿ ಆನ್‌ಲೈನ್ ಬೆಲೆ ನೋಡಿ ಬುಟ್ಟಿಗೆ ಹಾಕಿಕೊಳ್ಳೋದು. ಅವರ ವೇಗಕ್ಕೆ ನಾವು ಸಮ ಅಲ್ಲ. ಆದರೆ ಕನ್ನಡದ ಹಳೇ ಪುಸ್ತಕಕ್ಕೆ ಬಾರ್‌ಕೋಡ್ ಎಲ್ಲಿದೆ? ಅದು ಅವರ ಕಣ್ಣಿಗೇ ಬೀಳಲ್ಲ. ವಿದೇಶಿ ಭಾಷೆಗಳ ಮೇಜಿನಲ್ಲಿ ಸಂಜೆತನಕ ಹಾಗೇ ಕೂತಿರುತ್ತದೆ. ಎರಡು ವರ್ಷದ ಹಿಂದೆ ರಷ್ಯನ್ ಮತ್ತು ಹಂಗೇರಿಯನ್ ಪುಸ್ತಕಗಳ ನಡುವೆ ಒಂದು ಕನ್ನಡ ವ್ಯಾಕರಣ ಸಿಕ್ಕಿತು. ತಲೆಕೆಳಗಾಗಿ ಇಟ್ಟಿದ್ದರು, ಯಾವ ಕಡೆ ಮೇಲು ಅಂತ ಜೋಡಿಸಿದವರಿಗೆ ಗೊತ್ತಾಗಿರಲಿಲ್ಲ. ನೋಡಿದ ಕೂಡಲೇ 'ಅಯ್ಯೋ' ಅಂತ ಜೋರಾಗಿ ಅಂದುಬಿಟ್ಟೆ. ಪಕ್ಕದಲ್ಲಿದ್ದವರು ಏನಾಯಿತು ಅಂತ ಕೇಳಿದರು.

ಕನ್ನಡ ಪುಸ್ತಕ ಇಷ್ಟು ದೂರ ಹೇಗೆ ಬರುತ್ತದೆ ಅಂದರೆ, ಅದರ ಹಿಂದೆ ಒಂದು ಕಥೆ ಇದೆ. ಭಾರತ ಅಮೆರಿಕದಿಂದ ಪಿಎಲ್–480 ಅನ್ನೋ ಅಲ್ಲಿನ ಕಾನೂನಿನ ಅಡಿಯಲ್ಲಿ ಗೋಧಿ ತರಿಸಿಕೊಂಡು ರೂಪಾಯಿಯಲ್ಲೇ ದುಡ್ಡು ಕೊಡುತ್ತಿತ್ತಲ್ಲ, ಆ ರೂಪಾಯಿಯ ಒಂದು ಭಾಗದಲ್ಲಿ 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹಂಚಿತು. ಕನ್ನಡವೂ ಅದರಲ್ಲಿತ್ತು. ನಮ್ಮೂರಲ್ಲಿ ರದ್ದಿಗೆ ಹೋದ ಎಷ್ಟೋ ಪುಸ್ತಕ ಇಲ್ಲಿನ ಕಪಾಟಿನಲ್ಲಿ ತಣ್ಣಗೆ ಕೂತಿವೆ. ಇಲ್ಲಿನ ಹವಾಮಾನಕ್ಕೆ ಗೆದ್ದಲಿನ ಕಾಟವೂ ಕಡಿಮೆ.

—

ಗ್ರಂಥಪಾಲಕಿ (ಶಿವಮೊಗ್ಗ)
ಸೋಮವಾರ, ಮಧ್ಯಾಹ್ನ 1:10

ಲೈಬ್ರರಿ ಮೊಹರು ಇರೋ ಪುಸ್ತಕದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ನಾನು ಬರೀತಿದ್ದೀನಿ. ಕಾಲೇಜು ಗ್ರಂಥಾಲಯದಲ್ಲಿ 22 ವರ್ಷ ಕೆಲಸ ಮಾಡಿದ್ದೀನಿ.

ಮೊಹರು ಇದ್ದ ಮಾತ್ರಕ್ಕೆ ಕದ್ದದ್ದು ಅಂತಲ್ಲ. ಹಳೇದಾದ, ಹರಿದ, ಯಾರೂ ಎರವಲು ಪಡೆಯದ ಪುಸ್ತಕಗಳನ್ನ ಸಮಿತಿಯ ಒಪ್ಪಿಗೆ ಪಡೆದು ವಿಲೇವಾರಿ ಮಾಡ್ತೀವಿ. ಆಗ 'ರದ್ದು' ಅಥವಾ ಇಂಗ್ಲಿಷಿನಲ್ಲಿ 'ವಿತ್‌ಡ್ರಾನ್' ಅಂತ ಇನ್ನೊಂದು ಮೊಹರು ಬೀಳುತ್ತದೆ. ಅದಿದ್ದರೆ ನೆಮ್ಮದಿಯಾಗಿ ಕೊಳ್ಳಿ. ಹೊರದೇಶದಿಂದ ಬರೋ ಇಂಗ್ಲಿಷ್ ಪುಸ್ತಕಗಳ ಮೇಲೆ ಇದು ಸಾಮಾನ್ಯ.

ರದ್ದಿನ ಮೊಹರು ಇಲ್ಲದಿದ್ದರೆ ಸ್ವಲ್ಪ ಯೋಚನೆ ಮಾಡಿ. ಕೆಲವರು ಮೊಹರಿನ ಹಾಳೆ ಕಿತ್ತು ಮಾರುತ್ತಾರೆ. ಆದರೆ ನಮ್ಮಲ್ಲಿ 'ಗುಟ್ಟಿನ ಪುಟ' ಅಂತ ಒಂದು ಇರುತ್ತದೆ. ಒಳಗಿನ ಯಾವುದೋ ಒಂದು ಗೊತ್ತಾದ ಪುಟದಲ್ಲಿ ಪರಿಗ್ರಹಣ ಸಂಖ್ಯೆಯನ್ನ, ಅಂದರೆ ಗ್ರಂಥಾಲಯದ ದಾಖಲೆಯಲ್ಲಿ ಆ ಪುಸ್ತಕಕ್ಕಿರೋ ಸಂಖ್ಯೆಯನ್ನ, ಮತ್ತೊಮ್ಮೆ ಬರೆದಿರ್ತೀವಿ. ಒಂದೊಂದು ಗ್ರಂಥಾಲಯಕ್ಕೆ ಒಂದೊಂದು ಪುಟ. ಮೊದಲ ಹಾಳೆ ಹೋಗಿ, ನಡುವೆ ಎಲ್ಲೋ ಒಂದು ಪುಟದ ಅಡಿಯಲ್ಲಿ ಬರೀ ಒಂದು ಸಂಖ್ಯೆ ಕಂಡರೆ, ಅದು ಯಾವುದೋ ಗ್ರಂಥಾಲಯದ್ದು.

ಹಾಗೆ ಸಿಕ್ಕಿದಾಗ ನನ್ನ ಕೋರಿಕೆ ಇಷ್ಟೇ: ಊರಿನ ಹೆಸರು ಓದೋಕೆ ಬಂದರೆ ಆ ಗ್ರಂಥಾಲಯಕ್ಕೆ ಒಂದು ಫೋನ್ ಮಾಡಿ. ಹತ್ತರಲ್ಲಿ ಒಂದು ಸಲ 'ಅದು ನಮ್ಮದೇ, ಹುಡುಕ್ತಾ ಇದ್ದೀವಿ' ಅನ್ನುತ್ತಾರೆ.

—

ಅವೆನ್ಯೂ ಭಾನುವಾರ (ಬೆಂಗಳೂರು)
ಸೋಮವಾರ, ಮಧ್ಯಾಹ್ನ 2:30

ಮೇಡಂ, ಇಲ್ಲಿ ನನ್ನ ಅಭಿಪ್ರಾಯ ಬೇರೆ. ಫೋನ್ ಮಾಡಿದೆ ಅಂತಿಟ್ಟುಕೊಳ್ಳಿ, ವಾಪಸ್ ಕೊಟ್ಟೆ ಅಂತಲೂ ಇಟ್ಟುಕೊಳ್ಳಿ. ನಾನು ಒಂದು ಸಲ ಹಾಗೆ ಕೊಟ್ಟ ಪುಸ್ತಕ ಮೂರು ವರ್ಷ ಆದ ಮೇಲೆ ಅದೇ ಫುಟ್‌ಪಾತ್‌ನಲ್ಲಿ ಮತ್ತೆ ಸಿಕ್ಕಿತು, ನನ್ನದೇ ಪೆನ್ಸಿಲ್ ಗುರುತಿನ ಜೊತೆ. ಆಗ ಬಹಳ ನೋವಾಯಿತು. ಓದೋರ ಮನೆಯಲ್ಲಿ ಇದ್ದರೆ ಉಳಿಯುತ್ತದೆ ಅನ್ನಿಸುತ್ತದೆ.

—

ಗ್ರಂಥಪಾಲಕಿ (ಶಿವಮೊಗ್ಗ)
ಸೋಮವಾರ, ಮಧ್ಯಾಹ್ನ 3:05

ನಿಮ್ಮ ನೋವು ಅರ್ಥ ಆಗುತ್ತದೆ ಸರ್. ಆದರೂ ಮನೆಯಲ್ಲಿದ್ದರೆ ಒಬ್ಬರು ಓದುತ್ತಾರೆ. ಗ್ರಂಥಾಲಯದಲ್ಲಿದ್ದರೆ ಪುಸ್ತಕ ಕೊಳ್ಳೋಕೆ ಆಗದ ಹುಡುಗ ಓದುತ್ತಾನೆ. ನಮ್ಮ ಕಾಲೇಜಿಗೆ ಬರೋರಲ್ಲಿ ಹೆಚ್ಚಿನವರು ಅಂಥವರೇ. ಒಂದು ಕೆಲಸ ಮಾಡಿ, ಮುಂದಿನ ಸಲ ಕೊಡುವಾಗ ಗ್ರಂಥಪಾಲಕರ ಕೈಗೇ ಕೊಟ್ಟು ದಾಖಲು ಮಾಡಿಸಿಕೊಳ್ಳಿ. ಕೌಂಟರ್ ಮೇಲೆ ಇಟ್ಟು ಬಂದರೆ ಅದು ದಾಖಲೆಗೇ ಸೇರಲ್ಲ.

—

ಹಳೇಪುಟ (ಬೆಂಗಳೂರು)
ಸೋಮವಾರ, ಸಂಜೆ 6:15

ಈ ವಿಷಯದಲ್ಲಿ ನಾನು ಮೇಡಂ ಪರ. ಮರುಮುದ್ರಣ ಇಲ್ಲದ ಪುಸ್ತಕ ಆದರಂತೂ ಇನ್ನೂ ಹೆಚ್ಚು.

—

ಯಮುನೆ ದಂಡೆ ಕನ್ನಡಿಗ (ದೆಹಲಿ)
ಸೋಮವಾರ, ಸಂಜೆ 7:40

ದರಿಯಾಗಂಜ್ ಭಾನುವಾರದ ಪುಸ್ತಕ ಸಂತೆ ಈಗ ಫುಟ್‌ಪಾತ್ ಮೇಲಿಲ್ಲ. 2019ರಲ್ಲಿ ಅಲ್ಲಿಂದ ಎಬ್ಬಿಸಿದ ಮೇಲೆ ಮಹಿಳಾ ಹಾಟ್‌ಗೆ ಬಂತು. ಕೆ.ಜಿ. ಲೆಕ್ಕದ ಪುಸ್ತಕ ರಾಶಿ ಇರುತ್ತದೆ. ಕನ್ನಡ ಸಿಗೋದು ಬಹಳ ಅಪರೂಪ, ನನಗೆ ಒಂಬತ್ತು ವರ್ಷದಲ್ಲಿ ಸಿಕ್ಕಿದ್ದು ನಾಲ್ಕೇ. ಎಲ್ಲಾ ನಾಲ್ಕೂ ವರ್ಗವಾಗಿ ಊರು ಬಿಟ್ಟ ಸರ್ಕಾರಿ ನೌಕರರ ಮನೆಯದ್ದಿರಬೇಕು. ಒಂದರಲ್ಲಿ ಲೋಧಿ ಕಾಲೊನಿಯ ವಿಳಾಸ ಕನ್ನಡದಲ್ಲಿ ಬರೆದಿತ್ತು.

ಒಂದು ಎಚ್ಚರಿಕೆ. ಹೊಸದರ ಹಾಗೆ ಹೊಳೆಯೋ, ಅರ್ಧ ಬೆಲೆಯ ಜನಪ್ರಿಯ ಪುಸ್ತಕ ಹಳೇ ಪುಸ್ತಕ ಅಲ್ಲ, ಕಳ್ಳ ಮುದ್ರಣ. ಅಕ್ಷರ ಮಸುಕು, ಅಂಚು ವಾರೆ, ಬಗ್ಗಿಸಿದರೆ ಬೆನ್ನಿನ ಅಂಟು ಬಿಡುತ್ತದೆ. ಬರೆದವರಿಗೆ ಒಂದು ಪೈಸೆ ಹೋಗಲ್ಲ. ಅದನ್ನ ದಯವಿಟ್ಟು ಕೊಳ್ಳಬೇಡಿ.

—

ಕಾವೇರಿ ತೀರ (ಮೈಸೂರು)
ಸೋಮವಾರ, ರಾತ್ರಿ 9:00

ಒಂದು ಪ್ರಶ್ನೆ. ಮನೆಗೆ ತಂದ ಮೇಲೆ ಹುಳದ ಕಾಟಕ್ಕೆ ಏನು ಮಾಡ್ತೀರಿ? ಹೋದ ಸಲ ಒಂದು ಪುಸ್ತಕದಿಂದ ಇಡೀ ಕಪಾಟಿಗೆ ಬೆಳ್ಳಿ ಹುಳ ಹಬ್ಬಿತು.

—

ಗ್ರಂಥಪಾಲಕಿ (ಶಿವಮೊಗ್ಗ)
ಸೋಮವಾರ, ರಾತ್ರಿ 9:25

ತಂದ ಕೂಡಲೇ ಕಪಾಟಿಗೆ ಸೇರಿಸಬೇಡಿ, ಅದು ಮೊದಲನೇ ನಿಯಮ. ವರಾಂಡದಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಬೆನ್ನಿನಿಂದ ಹೊರಕ್ಕೆ ಒರೆಸಬೇಕು, ಒಳಕ್ಕಲ್ಲ.

ಹುಳ ಇರೋ ಅನುಮಾನ ಇದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಫ್ರಿಜ್ ಅಲ್ಲ, ಐಸ್ ಆಗೋ ಫ್ರೀಜರ್. ಹೊರಗೆ ತೆಗೆದ ಮೇಲೆ ಚೀಲ ತಕ್ಷಣ ಬಿಚ್ಚಬೇಡಿ. ಒಂದು ದಿನ ಹಾಗೇ ಬಿಡಿ, ಇಲ್ಲದಿದ್ದರೆ ಕಾಗದದ ಮೇಲೆ ನೀರು ಕೂರುತ್ತದೆ. ಬೂಷ್ಟು ಇದ್ದರೆ ಫ್ರೀಜರ್‌ನಿಂದ ಅದು ಸಾಯಲ್ಲ. ನೆರಳಲ್ಲಿ ಗಾಳಿಗೆ ಒಣಗಿಸಿ, ಆಮೇಲೆ ಬ್ರಷ್. ಮಲೆನಾಡಿನ ಮಳೆಗಾಲದಲ್ಲಿ ಇದು ನಮಗೆ ದಿನನಿತ್ಯದ ಕೆಲಸ. ಹರಿದ ಹಾಳೆಗೆ ಸೆಲ್ಲೋಟೇಪ್ ಮಾತ್ರ ಅಂಟಿಸಬೇಡಿ. ಹತ್ತು ವರ್ಷಕ್ಕೆ ಟೇಪ್ ಉದುರುತ್ತದೆ, ಹಳದಿ ಕಲೆ ಉಳಿಯುತ್ತದೆ.

—

ಬಾಳೆತೋಟ (ಭದ್ರಾವತಿ)
ಸೋಮವಾರ, ರಾತ್ರಿ 11:48

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಓದ್ತೀನಿ, ಬರೀತಿರೋದು ಮೊದಲ ಸಲ.

ನೀವೆಲ್ಲ ಪುಸ್ತಕ ಹುಡುಕೋರು. ನಾನು ಇನ್ನೊಂದು ಕಡೆಯವಳು. ಅಪ್ಪ ಹೋಗಿ ಐದು ತಿಂಗಳಾಯಿತು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮನೆಯಲ್ಲಿ ಸುಮಾರು ಆರುನೂರು ಪುಸ್ತಕ ಇವೆ. ಮನೆ ಮಾರುತ್ತಿದ್ದೀವಿ, ತಿಂಗಳ ಕೊನೆಗೆ ಖಾಲಿ ಮಾಡಬೇಕು. ಅಣ್ಣ ರದ್ದಿಯವರಿಗೆ ಹೇಳಿದ್ದಾನೆ, ಕೆ.ಜಿ. ಲೆಕ್ಕದಲ್ಲಿ. ಅವನನ್ನ ತಪ್ಪು ಅನ್ನಲ್ಲ, ಎರಡು ಕಡೆ ಓಡಾಡಿ ಅವನಿಗೂ ಸಾಕಾಗಿದೆ. ನನ್ನ ಮನೆ ಎರಡು ಕೋಣೆಯದ್ದು.

ಹಳೇಪುಟ ಅವರ ಬಹುಮಾನದ ಚೀಟಿ ಓದಿದೆ. ಅಪ್ಪನ ಪುಸ್ತಕದಲ್ಲೂ ಅಂಥವು ಇವೆ. ಅವರು ಮಕ್ಕಳಿಗೆ ಕೊಡೋಕೆ ಅಂತ ತಂದು, ಕೊಡೋಕೆ ಮುಂಚೆ ಓದಿ, ಕೆಲವನ್ನ ಇಟ್ಟುಕೊಂಡುಬಿಡೋರು. ಬೇರೆ ಕೊಡೋರು.

ಕನ್ನಡ ನಿಘಂಟಿನ ಎಂಟೂ ಸಂಪುಟ ಇವೆ. ಐದನೆಯದನ್ನ ಈಗ ತೆಗೆದು ನೋಡಿದೆ, ಹಳೆಯ ಮುದ್ರಣವೇ. ಅಂಚಿನಲ್ಲಿ ಅಲ್ಲಲ್ಲಿ ಅಪ್ಪನ ಅಕ್ಷರ ಇದೆ, ನಮ್ಮ ಕಡೆ ಆ ಪದವನ್ನ ಹೇಗೆ ಹೇಳ್ತಾರೆ ಅಂತ. ನಿಮಗೆ ಬೇಕಾದರೆ ಕಳಿಸ್ತೀನಿ, ದುಡ್ಡು ಬೇಡ. ಉಳಿದದ್ದಕ್ಕೆ ಏನು ಮಾಡಲಿ ಹೇಳಿ.

—

ಧಾರವಾಡದಾಕಿ (ಧಾರವಾಡ)
ಮಂಗಳವಾರ, ಬೆಳಗ್ಗೆ 6:10

ತಂಗಿ, ರದ್ದಿಯವನಿಗೆ ಸದ್ಯಕ್ಕ ತಡಿ ಅನ್ನು. ಒಂದೂ ಕೊಡಬ್ಯಾಡ. ಅಪ್ಪಾರು ಅಂಚಿನಾಗ ಬರೆದಿದ್ದು ಯಾವ ಅಚ್ಚಿನಾಗೂ ಇಲ್ಲ, ಅದು ಒಂದೇ ಪ್ರತಿ.

—

ಅವೆನ್ಯೂ ಭಾನುವಾರ (ಬೆಂಗಳೂರು)
ಮಂಗಳವಾರ, ಬೆಳಗ್ಗೆ 7:00

ನಾವು ಫುಟ್‌ಪಾತ್‌ನಲ್ಲಿ ಎತ್ತಿಕೊಳ್ಳೋ ಪ್ರತಿಯೊಂದು ಪುಸ್ತಕವೂ ಇಂಥ ಮನೆಯಿಂದಲೇ ಬಂದದ್ದು. ರದ್ದಿಯವರಿಂದ ನಮ್ಮ ಕೈಗೆ ಬರೋವಷ್ಟರಲ್ಲಿ ಆರುನೂರರಲ್ಲಿ ಎಷ್ಟೋ ಪೊಟ್ಟಣ ಕಟ್ಟೋಕೆ, ಗಿರಣಿಗೆ ಹೋಗಿರುತ್ತವೆ. ಮೊದಲು ತೆಳು ಪುಸ್ತಕ, ಹರಿದ ಪುಸ್ತಕ ಹೋಗುತ್ತವೆ. ಅಪರೂಪದವು ಹೆಚ್ಚಾಗಿ ಅವೇ.

ನೀವು ಮಾಡಬಹುದಾದ ಕೆಲಸ: ಕಪಾಟಿನ ಒಂದೊಂದು ಸಾಲಿನ ಫೋಟೋ, ಬೆನ್ನಿನ ಹೆಸರು ಓದೋಕೆ ಬರೋ ಹಾಗೆ. ತೆಳುವಾದವನ್ನ ನೆಲದ ಮೇಲೆ ಹರಡಿ ಒಂದೇ ಫೋಟೋದಲ್ಲಿ ಇಪ್ಪತ್ತು. ಇಲ್ಲಿ ಹಾಕಿ. ಯಾವುದು ಇನ್ನೂ ಅಚ್ಚಿನಲ್ಲಿದೆ, ಯಾವುದು ಇಲ್ಲ ಅಂತ ನಾವೆಲ್ಲ ಸೇರಿ ಒಂದು ರಾತ್ರಿಯಲ್ಲಿ ಹೇಳ್ತೀವಿ.

—

ಗ್ರಂಥಪಾಲಕಿ (ಶಿವಮೊಗ್ಗ)
ಮಂಗಳವಾರ, ಬೆಳಗ್ಗೆ 9:45

ಭದ್ರಾವತಿ ನಮಗೆ ಹತ್ತಿರ. ಪ್ರಾಂಶುಪಾಲರ ಹತ್ತಿರ ಈಗಲೇ ಮಾತಾಡಿದೆ. ಕಾಲೇಜಿಗೆ ಬೇಕಾದವನ್ನ ದಾನವಾಗಿ ತಗೊಂಡು, ದಾಖಲು ಮಾಡಿ, ಒಳಪುಟದಲ್ಲಿ ನಿಮ್ಮ ತಂದೆಯವರ ಹೆಸರು ಹಾಕ್ತೀವಿ. ಆರುನೂರೂ ತಗೊಳ್ಳೋಕೆ ಆಗಲ್ಲ ಅಂತ ಮುಂಚೆಯೇ ಹೇಳಿಬಿಡ್ತೀನಿ, ನಮ್ಮಲ್ಲಿರೋದಕ್ಕೆ ಎರಡನೇ ಪ್ರತಿ ಬೇಡ. ಪಠ್ಯಪುಸ್ತಕ, ಗೈಡ್ ಇದ್ದರೆ ಅವನ್ನ ರದ್ದಿಗೆ ಕೊಡೋದರಲ್ಲಿ ತಪ್ಪಿಲ್ಲ.

—

ಪುಟ ತಿರುವಿ (ಇಥಾಕಾ, ನ್ಯೂಯಾರ್ಕ್)
ಮಂಗಳವಾರ, ಬೆಳಗ್ಗೆ 10:20

ಅಂಚಿನ ಟಿಪ್ಪಣಿ ಇರೋ ಪುಟಗಳನ್ನೆಲ್ಲ ದಯವಿಟ್ಟು ಫೋಟೋ ತೆಗೆಯಿರಿ. ಟೈಪ್ ಮಾಡಿಕೊಡೋದು ನನ್ನ ಜವಾಬ್ದಾರಿ. ಒಂದೂರಿನ ಕನ್ನಡ ಅದು, ನನಗೆ ಇಲ್ಲಿ ಕೂತು ಮಾಡೋಕೆ ಆಗೋ ಕೆಲಸ.

—

ಹಳೇಪುಟ (ಬೆಂಗಳೂರು)
ಮಂಗಳವಾರ, ಬೆಳಗ್ಗೆ 11:30

ಬಾಳೆತೋಟ ಅವರೇ, ನಿನ್ನೆ ರಾತ್ರಿ ನಿಮ್ಮ ಮಾತು ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಐದನೇ ಸಂಪುಟ ನನಗೆ ಬೇಡ. ಹನ್ನೆರಡು ವರ್ಷದಿಂದ ನಾನು ಅದನ್ನ ಹುಡುಕ್ತಾ ಇರೋದೇ ಯಾರೋ ಎಲ್ಲೋ ಒಂದು ಸೆಟ್ ಒಡೆದಿದ್ದಕ್ಕೆ. ನಿಮ್ಮ ಮನೆಯದ್ದನ್ನ ನಾನು ಒಡೆಯಲ್ಲ. ಎಂಟೂ ಒಂದೇ ಕಡೆ ಇರಲಿ. ಕಾಲೇಜಿಗೆ ಕೊಡೋದೋ, ನೀವೇ ಇಟ್ಟುಕೊಳ್ಳೋದೋ, ಅದು ನಿಮಗೆ ಬಿಟ್ಟದ್ದು. ನಿಮ್ಮ ಎರಡು ಕೋಣೆಯಲ್ಲಿ ಎಂಟು ಪುಸ್ತಕಕ್ಕೆ ಒಂದು ಮೊಳ ಜಾಗ ಸಾಕು.

ಮುಂದಿನ ಭಾನುವಾರ ನಾನು ಭದ್ರಾವತಿಗೆ ಬರ್ತೀನಿ. ರಾತ್ರಿ ಬಸ್ಸಿಗೆ ಬಂದರೆ ಬೆಳಗ್ಗೆ ನಿಮ್ಮೂರಲ್ಲಿರ್ತೀನಿ. ಗ್ರಂಥಪಾಲಕಿ ಮೇಡಂ ಶಿವಮೊಗ್ಗದಿಂದ ಬರ್ತೀನಿ ಅಂದಿದ್ದಾರೆ. ಎರಡು ಬ್ರಷ್, ಹಳೇ ಬಟ್ಟೆ, ಪಟ್ಟಿ ಬರೆಯೋಕೆ ನೋಟ್‌ಬುಕ್ ನಾನು ತರ್ತೀನಿ. ರಟ್ಟಿನ ಪೆಟ್ಟಿಗೆ ಮಾತ್ರ ನೀವು ಕಿರಾಣಿ ಅಂಗಡಿಯಲ್ಲಿ ಕೇಳಿಡಿ, ಸಣ್ಣವು. ದೊಡ್ಡ ಪೆಟ್ಟಿಗೆಯಲ್ಲಿ ತುಂಬಿದರೆ ಎತ್ತೋಕೆ ಆಗಲ್ಲ, ತಳ ಒಡೆಯುತ್ತದೆ.

—

ಬಾಳೆತೋಟ (ಭದ್ರಾವತಿ)
ಮಂಗಳವಾರ, ಮಧ್ಯಾಹ್ನ 12:15

ಅಣ್ಣನಿಗೆ ಎಲ್ಲವನ್ನೂ ಓದಿ ಹೇಳಿದೆ. ರದ್ದಿಯವರಿಗೆ ಫೋನ್ ಮಾಡಿ ಬರಬೇಡಿ ಅಂದ. ಭಾನುವಾರ ಅವನೂ ಇರುತ್ತಾನೆ.

ಊಟ ನಮ್ಮಲ್ಲೇ. ಖಾರ ತಿನ್ನುತ್ತೀರಲ್ವಾ?